ಕೆಟ್ಟ ಕಣ್ಣು, ಕಾಣದ ಹಸಿವು: ದ್ರಾಕ್ಷಿತೋಟದ ಸಾಮತಿಯ ಮರು ಓದು

ಮತ್ತಾಯನ ಶುಭಸಂದೇಶದ 20ನೇ ಅಧ್ಯಾಯದಲ್ಲಿ ಬರುವ ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮತಿಯನ್ನು ನಾವು ಮೂರು ವರ್ಷಗಳಿಗೊಮ್ಮೆ, ಸಾಧಾರಣ ಕಾಲದ 25ನೇ ಭಾನುವಾರದಂದು, ಬಲಿಪೂಜೆಯಲ್ಲಿ ಓದುತ್ತೇವೆ. ಅಂದಿನ ಮೊದಲ ವಾಚನ ಯೆಶಾಯನ 55ನೇ ಅಧ್ಯಾಯದ್ದು. ದೇವರ ಆಲೋಚನೆಗಳು ಮನುಷ್ಯರ ಆಲೋಚನೆಗಳನ್ನು ಮೀರಿದವು ಎಂಬುದು ಅದರ ಸಾರ. ಈ ಜೋಡಣೆಯಿಂದಲೋ ಏನೋ, ನಮ್ಮ ಪ್ರಬೋಧನೆಗಳು ಬಹುಮಟ್ಟಿಗೆ ಒಂದೇ ದಾರಿಯನ್ನು ಹಿಡಿಯುತ್ತವೆ: ದೇವರ ಕೃಪೆ ಲೆಕ್ಕಕ್ಕೆ ಸಿಗುವಂಥದ್ದಲ್ಲ, ತಡವಾಗಿ ಬಂದವರಿಗೂ ಅದು ಪೂರ್ಣವಾಗಿಯೇ ದೊರೆಯುತ್ತದೆ. ಮಾತು ಸತ್ಯವೇ. ಆದರೆ ಕಥೆ ಮುಗಿಯುವುದು ಅಲ್ಲಿ ಅಲ್ಲ. ಗೊಣಗುತ್ತಿದ್ದ ಕೂಲಿಯಾಳಿಗೆ ಯಜಮಾನನು ಹಾಕುವ ಪ್ರಶ್ನೆಯಲ್ಲಿ ಅದು ಮುಗಿಯುತ್ತದೆ. ಆ ಪ್ರಶ್ನೆಯನ್ನು ನಾವು ಅವಸರದಲ್ಲಿ ದಾಟಿಬಿಡುತ್ತೇವೆ ಎಂಬುದು ನನ್ನ ಆಕ್ಷೇಪ.

ತನ್ನ ಒಳ್ಳೆಯತನವನ್ನು ಕಂಡು ಆ ಆಳಿನ ಕಣ್ಣು ಕೆಟ್ಟುಹೋಯಿತೇ ಎಂದು ಯಜಮಾನನು ಕೇಳುತ್ತಾನೆ. ಗ್ರೀಕ್ ಮೂಲದಲ್ಲಿರುವುದು ‘ಒಫ್ತಾಲ್ಮೊಸ್ ಪೊನೆರೋಸ್’, ಅಂದರೆ ಕೆಟ್ಟ ಕಣ್ಣು. ಪ್ರವಚನಪೀಠದಲ್ಲಿ ನಾವು ಇದನ್ನು ‘ಹೊಟ್ಟೆಕಿಚ್ಚು’ ಎಂದು ವಿವರಿಸಿ ಮುಂದೆ ಹೋಗುತ್ತೇವೆ. ಹೊಟ್ಟೆಕಿಚ್ಚು ಸೊಗಸಾದ ಪದ. ಮತ್ಸರವು ಮೊದಲು ಸುಡುವುದು ಮತ್ಸರಿಸುವವನನ್ನೇ ಎಂದು ಅದು ಹೇಳುತ್ತದೆ. ಆದರೆ ಕಿಚ್ಚು ಹತ್ತಿಕೊಂಡದ್ದು ಎಲ್ಲಿಂದ ಎಂಬುದನ್ನು ಅದು ಹೇಳುವುದಿಲ್ಲ. ಶುಭಸಂದೇಶ ಕಣ್ಣಿನತ್ತ ಬೆರಳು ತೋರಿಸುತ್ತದೆ. ‘ಅವನನ್ನು ಕಂಡರಾಗದು’ ಎಂಬ ನಮ್ಮ ಮನೆಮಾತೂ ಅದನ್ನೇ ಬಲ್ಲದು.

ಈ ನುಡಿಗಟ್ಟಿಗೆ ಹಳೆಯ ಒಡಂಬಡಿಕೆಯಲ್ಲಿ ಬೇರಿದೆ. ಸಾಲಗಳನ್ನು ಮನ್ನಾ ಮಾಡುವ ಏಳನೆಯ ವರ್ಷ ಹತ್ತಿರವಾಯಿತೆಂದು ಲೆಕ್ಕ ಹಾಕಿ ಬಡ ಸಹೋದರನಿಗೆ ಕೊಡದೆ ಕೈ ಬಿಗಿಹಿಡಿಯುವವನ ಕುರಿತು ಧರ್ಮೋಪದೇಶಕಾಂಡ (15:9) ಎಚ್ಚರಿಸುತ್ತದೆ. ಅಲ್ಲಿಯೂ ಕೆಡುವುದು ಕಣ್ಣೇ. ಒಂದೆಡೆ ಬಡವನಿಗೆ ಕೊಡಲೊಲ್ಲದ ಕಣ್ಣು, ಇನ್ನೊಂದೆಡೆ ಬಡವನಿಗೆ ಬೇರೊಬ್ಬರು ಕೊಟ್ಟದ್ದನ್ನು ಸಹಿಸದ ಕಣ್ಣು. ಮತ್ಸರ ಮತ್ತು ನಿರ್ದಯೆಯನ್ನು ನಾವು ಎರಡು ಪಾಪಗಳಾಗಿ ಕಲಿಸುತ್ತೇವೆ; ಪವಿತ್ರ ಗ್ರಂಥದ ಭಾಷೆಯಲ್ಲಿ ಅವು ಒಂದೇ ಕಣ್ಣಿನ ಬೇನೆ.

ಹಾಗಾದರೆ ಆ ಕಣ್ಣು ಕಾಣದೆ ಹೋದದ್ದೇನು? ಬೆಳಗಿನ ಬಲಿಪೂಜೆ ಮುಗಿಸಿ ಬನಶಂಕರಿಯ ಕಡೆ ನಡೆದರೆ ಉತ್ತರ ರಸ್ತೆಯ ಬದಿಯಲ್ಲೇ ಸಿಗುತ್ತದೆ. ಗಾರೆ ಕೆಲಸದವರು, ಮಣ್ಣು ಹೊರುವವರು ಬುತ್ತಿಚೀಲ ಹಿಡಿದು ಮೇಸ್ತ್ರಿಗಾಗಿ ಕಾಯುತ್ತಿರುತ್ತಾರೆ. ಹಲವರು ರಾಯಚೂರು, ಕಲಬುರಗಿ ಕಡೆಯಿಂದ ಬಂದವರು. ಹೊತ್ತು ಏರಿದಂತೆ ಗುಂಪು ಕರಗುತ್ತದೆ. ಉಳಿದವರು ಸೋಮಾರಿಗಳಲ್ಲ, ಅವರನ್ನು ಯಾರೂ ಕರೆಯಲಿಲ್ಲ, ಅಷ್ಟೆ. ಸಾಮತಿಯ ಸಂಜೆ ಐದರ ಆಳುಗಳೂ ಯಜಮಾನನಿಗೆ ಕೊಟ್ಟ ಉತ್ತರ ಅದೇ. ದೆನಾರಿ ಒಂದು ದಿನದ ಕೂಲಿ. ಅದರಲ್ಲಿ ಹನ್ನೆರಡನೆಯ ಒಂದು ಪಾಲು ಕೊಟ್ಟರೆ ಕೆಲಸದ ಲೆಕ್ಕ ಸರಿಹೋಗುತ್ತಿತ್ತು, ಮನೆಯ ಒಲೆ ಉರಿಯುತ್ತಿರಲಿಲ್ಲ. ಯಜಮಾನನು ಅಳೆದದ್ದು ಆ ಮನೆಯ ಹಸಿವನ್ನು. ಮುಂಜಾನೆಯ ಆಳುಗಳಿಗೂ ಆ ಹಸಿವು ಅಪರಿಚಿತವಲ್ಲ. ಕೆಲಸ ಸಿಗದ ದಿನ ಅವರ ಮನೆಯಲ್ಲೂ ಅದೇ ಸ್ಥಿತಿ. ಆದರೂ ಆ ಸಂಜೆ ಅವರು ಕಂಡದ್ದು ಪಕ್ಕದವನ ಅಂಗೈಯಲ್ಲಿದ್ದ ನಾಣ್ಯವನ್ನು ಮಾತ್ರ.

ಇಲ್ಲಿ ಒಂದು ಪ್ರತಿವಾದವನ್ನು ಎದುರಿಸಲೇಬೇಕು. ಬಿಸಿಲಲ್ಲಿ ಬೆಂದವನ ದೂರು ನ್ಯಾಯವಾದುದಲ್ಲವೇ? ಕೂಲಿಯಲ್ಲಿ ಮೋಸಹೋದವನಿಗೆ ‘ಮತ್ಸರಪಡಬೇಡ’ ಎಂದು ಬೋಧಿಸುವುದು ಸಾಮತಿಗೂ ಅವನಿಗೂ ಮಾಡುವ ಅನ್ಯಾಯ. ಇನ್ನೊಬ್ಬರ ಒಳಿತನ್ನು ಕಂಡು ಮೂಡುವ ದುಃಖವೆಲ್ಲ ಮತ್ಸರವಲ್ಲ ಎಂದು ಸಂತ ತೋಮಸ್ ಅಕ್ವಿನಾಸರೂ ‘ಸುಮ್ಮಾ’ದ ಎರಡನೆಯ ಭಾಗದ ದ್ವಿತೀಯಾರ್ಧದ 36ನೇ ಪ್ರಶ್ನೆಯಲ್ಲಿ ವಿಂಗಡಿಸುತ್ತಾರೆ, ಆ ಒಳಿತು ನಮಗಿಲ್ಲವಲ್ಲ ಎಂಬ ಕೊರಗು ಬೇರೆ, ಅದು ಅವನಿಗೆ ಇದೆಯಲ್ಲ ಎಂಬ ಉರಿ ಬೇರೆ. ಸಾಮತಿ ಈ ಅಂತರವನ್ನು ಸ್ಪಷ್ಟವಾಗಿ ತೋರಿಸುತ್ತದೆ. ಒಪ್ಪಿದ ಕೂಲಿ ಅವರ ಕೈಗೆ ಬಂದಿದೆ. ಕೊನೆಗೆ ಬಂದವರನ್ನು ತಮಗೆ ಸಮಾನರನ್ನಾಗಿ ಮಾಡಿದ್ದೇ ಅವರ ದೂರು. ತನಗೆ ಬರಬೇಕಾದುದನ್ನು ಕೇಳುವುದು ನ್ಯಾಯದ ಮಾತು. ಅವನಿಗೆ ಅಷ್ಟು ಸಿಗಬಾರದಿತ್ತು ಎನ್ನುವುದು ಕೆಟ್ಟ ಕಣ್ಣಿನ ಮಾತು.

ಅದೇ ಪ್ರಶ್ನೆಯಲ್ಲಿ ತೋಮಸರು ಮತ್ಸರವನ್ನು ಕರುಣೆಗೆ ವಿರುದ್ಧವಾಗಿ ನಿಲ್ಲಿಸುತ್ತಾರೆ: ಕರುಣಾಳು ನೆರೆಯವನ ಕೇಡಿಗೆ ದುಃಖಿಸುತ್ತಾನೆ, ಮತ್ಸರಿ ಅವನ ಒಳಿತಿಗೆ. ನಾವು ಹೋಲಿಸಿಕೊಳ್ಳಬಲ್ಲವರ ಮೇಲಷ್ಟೇ ಮತ್ಸರ ಹುಟ್ಟುತ್ತದೆ ಎಂಬುದೂ ಅವರ ಕಾಣ್ಕೆ. ವಿಶ್ಲೇಷಣೆ ನಿಖರವಾಗಿದೆ. ಆದರೆ ರೋಗವನ್ನು ಹೆಸರಿಸಿದ ಮಾತ್ರಕ್ಕೆ ಕಣ್ಣು ವಾಸಿಯಾಗದು. ನಾಲ್ಕನೆಯ ಶತಮಾನದ ಧರ್ಮಾಧ್ಯಕ್ಷ ಸಂತ ಬಾಸಿಲರು ಮತ್ಸರದ ಮೇಲೆ ಪ್ರಖರವಾದ ಪ್ರಬೋಧನೆಯೊಂದನ್ನು ಬಿಟ್ಟುಹೋಗಿದ್ದಾರೆ; ಕೈಸರೆಯ ನಗರದ ಹೊರಗೆ ರೋಗಿಗಳಿಗೂ ನಿರ್ಗತಿಕರಿಗೂ ಆಶ್ರಯಧಾಮವನ್ನು ಕಟ್ಟಿಸಿದವರೂ ಅವರೇ. ಈ ಎರಡನ್ನೂ ಒಟ್ಟಿಗೆ ಓದಬೇಕೆಂದು ನನಗನಿಸುತ್ತದೆ. ಹೋಲಿಕೆಯಲ್ಲಿ ಪಳಗಿದ ಕಣ್ಣು ಹೋಲಿಕೆಯನ್ನು ಬಿಡುವುದು ಇನ್ನೊಬ್ಬನ ಗಾಯದ ಮೇಲೆ ನೆಲೆಗೊಂಡಾಗ.

ಇದು ಮೊದಲು ತಟ್ಟಬೇಕಾದುದು ಗುರುಗಳಾದ ನಮಗೆ. ರೋಮಿನ ಕಾರ್ಡಿನಲರ ಮೇಲೆ ನಮಗೆ ಮತ್ಸರವಿಲ್ಲ. ಜೊತೆಯಲ್ಲಿ ಅಭಿಷಿಕ್ತನಾಗಿ ಪಕ್ಕದ ಧರ್ಮಕೇಂದ್ರಕ್ಕೆ ಹೋದವನ ಮೇಲಿದೆ. ವರ್ಗಾವಣೆಯ ಪಟ್ಟಿ ಬಂದ ಒಂದು ಸಂಜೆ ಸಹಪಾಠಿಯೊಬ್ಬರ ಹೆಸರಿನ ಮುಂದೆ ಜಯನಗರದ ಆಸುಪಾಸಿನ ಅನುಕೂಲವಾದ ಧರ್ಮಕೇಂದ್ರವನ್ನು ಕಂಡು ನಾನು ಊಟದ ಮೇಜಿನಲ್ಲಿ ಆಡಿದ ನಗೆಮಾತು ನಗೆಗಾಗಿ ಆಡಿದ್ದಲ್ಲ. ಅವರ ತಾಯಿ ಹಾಸಿಗೆ ಹಿಡಿದಿದ್ದರು, ಮನೆಗೆ ಹತ್ತಿರವಾಗಲೆಂದು ಆ ನೇಮಕವಾಗಿತ್ತು ಎಂಬುದು ವಾರಗಳ ನಂತರ ತಿಳಿಯಿತು. ಕೇಳಿದ್ದರೆ ಅಂದೇ ತಿಳಿಯುತ್ತಿತ್ತು; ನಾನು ಕೇಳಿರಲಿಲ್ಲ.

ಗುರುವಿದ್ಯಾರ್ಥಿಗಳು ಈ ಸಾಮತಿಯ ಮೇಲೆ ಪ್ರಬೋಧನೆ ಬರೆಯುವಾಗ ಕೃಪೆಯ ಕುರಿತು ಬರೆಯಲಿ. ಜೊತೆಗೆ ಸಂಜೆ ಐದಕ್ಕೆ ಬಂದವನ ಮನೆಯಲ್ಲಿ ಎಷ್ಟು ಜನ ಉಣ್ಣಬೇಕಿತ್ತೆಂದು ಒಮ್ಮೆ ಯೋಚಿಸಲಿ. ಯಜಮಾನನ ಪ್ರಶ್ನೆಗೆ ಆ ಆಳು ಕೊಟ್ಟ ಉತ್ತರವನ್ನು ಮತ್ತಾಯನು ಬರೆದಿಲ್ಲ. ಉತ್ತರ ಕೊಡಬೇಕಾದವರು ನಾವು.