ಕುಡಿಯುವುದು ಮತ್ತು ರುಚಿ ನೋಡುವುದು

ಕಳೆದ ತಿಂಗಳು ಬೆಂಗಳೂರಿನ ಒಂದು ಮೈಕ್ರೋಬ್ರೂವರಿಯಲ್ಲಿ ಗೆಳೆಯನೊಬ್ಬ ನನ್ನ ಮುಂದೆ ಒಂದು ಲೋಟ ಐಪಿಎ ಇಟ್ಟು, 'ಇದರ ರುಚಿನ ಕನ್ನಡದಲ್ಲಿ ಬರೆದು ತೋರಿಸು ನೋಡೋಣ' ಅಂದ. ಅವನು ಬಿಯರ್ ಬಗ್ಗೆ ಇಂಗ್ಲಿಷಿನಲ್ಲಿ ಪುಟಗಟ್ಟಲೆ ಟಿಪ್ಪಣಿ ಮಾಡುವವನು. ನಾನು ನವೋದಯ ಕಾವ್ಯದಲ್ಲಿ ಆಡುಮಾತಿನ ಬಳಕೆಯ ಮೇಲೆ ಪಿಎಚ್.ಡಿ. ಮಾಡುತ್ತಿರುವವನು. ಸವಾಲು ನನ್ನ ವಿಷಯಕ್ಕೇ ತಾಗುವಂತಿತ್ತು.

ಮೂಗಿಗೆ ಮೊದಲು ಸಿಕ್ಕಿದ್ದು ಚಕ್ಕೋತದ ಸಿಪ್ಪೆ ಸುಲಿಯುವಾಗಿನ ಘಾಟು. ಗುಟುಕು ಬಾಯಿಗೆ ಬಂದಾಗ ಒಂದು ಕ್ಷಣ ಸಿಹಿ. ನಮ್ಮ ಕೃಷ್ಣರಾಜಪೇಟೆ ಕಡೆಯ ಆಲೆಮನೆಯಲ್ಲಿ ಪಾಕ ಹದಕ್ಕೆ ಬರುವ ಹೊತ್ತಿನ ವಾಸನೆಗೆ ಹತ್ತಿರದ್ದು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಿಂದ ಬರುವ ಸಿಹಿ ಅದು. ಆಮೇಲೆ ಕಹಿ. ಬೇವಿನ ಕಹಿ ನಾಲಿಗೆಗೆ ತಾಗಿದ ಕೂಡಲೇ ಹೊಡೆಯುತ್ತದೆ, ಇದು ನುಂಗಿದ ಮೇಲೆ ಹಿಂದಿನಿಂದ ಬರುತ್ತದೆ, ಹಾಗಲಕಾಯಿ ಗೊಜ್ಜಿನ ಹಾಗೆ. ಕೊನೆಗೆ ಒಸಡು ಬಿಗಿಯುವ ಒಗರು. ಎಳೆ ಬಾಳೆಕಾಯಿ ಕಚ್ಚಿದವರಿಗೆ ಗೊತ್ತಾಗುತ್ತದೆ. ಗೆಳೆಯನ ಟಿಪ್ಪಣಿಯಲ್ಲಿ ಕಹಿಯೂ ಒಗರೂ ಎರಡೂ 'ಬಿಟರ್' ಆಗಿದ್ದವು ಎಂಬುದನ್ನು ಕನ್ನಡಾಭಿಮಾನದಿಂದಲೇ ಇಲ್ಲಿ ದಾಖಲಿಸುತ್ತಿದ್ದೇನೆ.

ಕಹಿಯ ಮೂಲ ಹಾಪ್ಸ್ ಎಂಬ ಬಳ್ಳಿಯ ಹೂವು. ಗಾಂಜಾ ಗಿಡದ ಸಂಬಂಧಿ. ಕುದಿಯುವ ರಸಕ್ಕೆ ಮೊದಲೇ ಹಾಕಿದರೆ ಕಹಿ ಬಿಡುತ್ತದೆ, ಕೊನೆಗೆ ಹಾಕಿದರೆ ಪರಿಮಳ ಕೊಡುತ್ತದೆ. ಒಗ್ಗರಣೆಗೆ ಬೀಳುವ ಕರಿಬೇವಿಗೂ ಇಳಿಸುವಾಗ ಉದುರಿಸುವ ಕೊತ್ತಂಬರಿ ಸೊಪ್ಪಿಗೂ ಇರುವಷ್ಟು ವ್ಯತ್ಯಾಸ. ಐಪಿಎ ಅಂದರೆ ಇಂಡಿಯಾ ಪೇಲ್ ಏಲ್. ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ಲಂಡನ್ನಿನ ಹಾಡ್ಜ್‌ಸನ್ ಎಂಬಾತನ ಬಿಯರು ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ಇಲ್ಲಿಗೆ ಬರುತ್ತಿತ್ತು. ತಿಂಗಳುಗಟ್ಟಲೆಯ ಪಯಣದಲ್ಲಿ ಅದು ಕೆಡದಂತೆ ಹಾಪ್ಸ್ ಕಾಯುತ್ತಿತ್ತು. 1799ರ ನಂತರ ಶ್ರೀರಂಗಪಟ್ಟಣದಲ್ಲಿ ಬೀಡುಬಿಟ್ಟು 1809ರಲ್ಲಿ ಬೆಂಗಳೂರಿಗೆ ದಂಡು ಕಿತ್ತವರು ಆ ಕಂಪನಿಯ ಬಿಳಿಯರೇ. ಹೆಸರಿನಲ್ಲಿರುವ ಇಂಡಿಯಾ ಆ ಬಿಯರು ಹುಟ್ಟಿದ ಊರಲ್ಲ, ತಲುಪಬೇಕಿದ್ದ ವಿಳಾಸ.

ಪದಗಳೇನೋ ಸಿಕ್ಕವು. ಆದರೂ ಬರೆದದ್ದನ್ನು ಓದಿಕೊಂಡಾಗ ಯಾಕೋ ಕಸಿವಿಸಿ. ಕನ್ನಡ ಸಾಹಿತ್ಯದಲ್ಲಿ ಹೆಂಡಕ್ಕೆ ಬರವಿಲ್ಲ. ಹನ್ನೆರಡನೆಯ ಶತಮಾನದ ಹೆಂಡದ ಮಾರಯ್ಯನ ಕಾಯಕವೇ ಅದು. ಅವನ ವಚನಗಳಲ್ಲಿ ಕಸುಬಿನ ಸಾಮಗ್ರಿಯೆಲ್ಲ ಬೇರೊಂದರ ರೂಪಕವಾಗುತ್ತದೆ. ಕುವೆಂಪು ಕಾದಂಬರಿಗಳಲ್ಲಿ ಕಳ್ಳು ಧಾರಾಳ, ಅಲ್ಲಿ ಅದಕ್ಕೆ ಊಟದ ಜೊತೆಗಿನ ಸುಖವೂ ಉಂಟು. ಎಲ್ಲರಿಗಿಂತ ಮುಂದೆ ನಿಲ್ಲುವವನು ಜಿ.ಪಿ. ರಾಜರತ್ನಂ ಅವರ ಎಂಡ್ಕುಡ್ಕ ರತ್ನ. ಸ್ವತಃ ಕುಡಿಯದ ಕವಿ ಸೃಷ್ಟಿಸಿದ ಕುಡುಕ ಎಂಬುದನ್ನು ನಾವು ಮೆಚ್ಚುಗೆಯಿಂದಲೇ ಹೇಳುತ್ತ ಬಂದಿದ್ದೇವೆ. ನನ್ನ ಓದಿಗೆ ದಕ್ಕಿದ ಮಟ್ಟಿಗೆ ರತ್ನನಿಗೆ ಹೆಂಡದ ರುಚಿ ಮುಖ್ಯವಲ್ಲ. ಹೆಂಡ ಒಳಗೆ ಹೋಗಿ ನಾಲಿಗೆಯ ಗಂಟು ಬಿಚ್ಚುವುದು ಮುಖ್ಯ. ಅದರಿಂದಲೇ ಆ ಪದಗಳಿಗೆ ಅಷ್ಟು ಚೈತನ್ಯ ಬಂದಿದೆ, ಒಪ್ಪುತ್ತೇನೆ. ಅನಕ್ಷರಸ್ಥನೊಬ್ಬನ ಬಾಯಿಗೆ ಕಾವ್ಯ ಕೊಟ್ಟದ್ದು ಸಣ್ಣ ಕೆಲಸವಲ್ಲ.

ಆದರೆ ಒಂದು ಪದ್ಯ ನನ್ನನ್ನು ಕಾಡುತ್ತದೆ. ದೇವರು ಪ್ರತ್ಯಕ್ಷನಾಗಿ ಹೆಂಡ ಬಿಡು ಅಂದರೆ ಬಿಡುತ್ತೇನೆ, ಹೆಂಡತಿಯನ್ನು ಬಿಡು ಅಂದರೆ ಅದನ್ನೂ ಬಿಡುತ್ತೇನೆ, ಕನ್ನಡ ಮಾತ್ರ ಬಿಡಲಾರೆ ಎಂಬ ಅರ್ಥದ್ದು. ಮೈಸೂರು ಅನಂತಸ್ವಾಮಿಯವರ ಕಾಲದಿಂದ ರತ್ನನ ಪದಗಳು ವೇದಿಕೆಯ ಹಾಡುಗಳಾಗಿವೆ, ಈ ಜಾಗಕ್ಕೆ ಬಂದಾಗ ಸಭೆ ಚಪ್ಪಾಳೆ ಹೊಡೆಯುತ್ತದೆ. ನಾನೂ ಕಾಲೇಜಿನಲ್ಲಿ ಹೊಡೆದಿದ್ದೇನೆ. ಬೇರೆ ಪದ್ಯಗಳಲ್ಲಿ ರತ್ನ ಅಷ್ಟು ಅಕ್ಕರೆಯಿಂದ ನೆನೆಯುವ ಪುಟ್ನಂಜಿ ಇಲ್ಲಿ ಒಂದು ಮಾತಿನಲ್ಲಿ ಕೈಬಿಟ್ಟುಹೋಗುತ್ತಾಳೆ. ಅವಳನ್ನು ಯಾರೂ ಕೇಳುವುದಿಲ್ಲ. ಕನ್ನಡದ ಮಹತ್ವ ಹೇಳಲು ಉತ್ಪ್ರೇಕ್ಷೆ ಬೇಕಿತ್ತು ಎಂಬ ಸಮಜಾಯಿಷಿ ನನಗೆ ಗೊತ್ತು. ಅದು ಸಾಲದು ಅನ್ನಿಸುವುದು ಕಾವ್ಯಮೀಮಾಂಸೆಯಿಂದಲ್ಲ, ನಮ್ಮ ಮನೆಯಿಂದ.

ಕಿಕ್ಕೇರಿ ಹತ್ತಿರದ ನಮ್ಮೂರಿಗೆ ಹೋದಾಗ ಅಜ್ಜಿಗೆ ಈ ಬಿಯರಿನ ವಿಷಯ ಹೇಳಿದೆ. ಲೋಟಕ್ಕೆ ನಾನೂರು ರೂಪಾಯಿ, ಬಲು ಕಹಿ ಅಂದೆ.

'ಅಷ್ಟ್ ದುಡ್ ಕೊಟ್ಟು ಕಹಿ ಕುಡುದ್ಯಾ? ಬೇವಿನ್ ಮರ ಹಿತ್ಲಲ್ಲೇ ಅದಲ್ಲ ಕಣ್ಲಾ' ಅಂದು ನಕ್ಕಳು.

ಅವಳು ನಗುತ್ತಿದ್ದಾಳಲ್ಲ ಎಂಬ ಧೈರ್ಯದ ಮೇಲೆ, ತಾತ ಕುಡಿಯುತ್ತಿದ್ದ ಪ್ಯಾಕೆಟ್ ಸಾರಾಯಿ ಹೇಗಿರುತ್ತಿತ್ತು ಅಂತ ಕೇಳಿಬಿಟ್ಟೆ. ರಾಜ್ಯದಲ್ಲಿ ಸಾರಾಯಿ ನಿಂತದ್ದು 2007ರ ಜುಲೈ 1ರಿಂದ. ತಾತ ಅದಕ್ಕೂ ಎರಡು ವರ್ಷ ಮೊದಲೇ ಹೋಗಿದ್ದರು. ಅವರು ಬರುವ ಹೊತ್ತಾದರೆ ಅಜ್ಜಿ ಅಡುಗೆಮನೆಯ ಒನಕೆಯನ್ನು ಹಟ್ಟಿಯ ಹಿಂದೆ ಬಚ್ಚಿಡುತ್ತಿದ್ದದ್ದು ನನಗೆ ನೆನಪಿದೆ.

'ರುಚಿ ನೋಡಕ್ಕೆ ಅಂತ ಯಾರ್ಲಾ ಕುಡುದ್ರು' ಅಂದಳು ಅಜ್ಜಿ. ಅಲ್ಲಿಗೆ ಮಾತು ಮುಗಿಯಿತು, ಅವಳು ಹಸುವಿಗೆ ನೀರಿಡಲು ಎದ್ದಳು.

ನನ್ನ ಕಸಿವಿಸಿ ಎಲ್ಲಿಯದು ಎಂದು ಆಗ ಗೊತ್ತಾಯಿತು. ಮದ್ಯದ ರುಚಿಯನ್ನು ಬಿಡಿಸಿ ಬರೆಯುವ ಗದ್ಯಕ್ಕೆ ಬಿಡುವು ಬೇಕು, ಕುಡಿದವನಿಗೆ ಮನೆಯಲ್ಲಿ ಯಾರೂ ಹೆದರದ ಸ್ಥಿತಿ ಬೇಕು. ನಮ್ಮ ಪ್ರಬಂಧಕಾರರು ಕಾಫಿಯ ಬಗ್ಗೆ ಧಾರಾಳವಾಗಿ ಬರೆದರು. ಕಾಫಿ ಕುಡಿದು ಬಂದವರಿಗಾಗಿ ಯಾರೂ ಒನಕೆ ಬಚ್ಚಿಡಲಿಲ್ಲ. ಪಬ್ಬಿನಲ್ಲಿ ಕೂತ ನನ್ನನ್ನು ಯಾರೂ 'ಕುಡುಕ' ಅನ್ನುವುದಿಲ್ಲ, ಅದೇ ಶೇಕಡಾ ಏಳರ ಮದ್ಯ ಒಳಗಿದ್ದರೂ ನಾನು 'ರುಚಿ ನೋಡುವವನು'. ತಾತನಿಗೆ ಈ ಎರಡನೆಯ ಕ್ರಿಯಾಪದ ಎಂದೂ ಸಿಗಲಿಲ್ಲ. ರತ್ನನಿಗೂ ಸಿಗಲಿಲ್ಲ. ಹಾಗಂತ ತಾತನ ಬಗ್ಗೆ ಮರುಗಿ ಅಜ್ಜಿಯನ್ನು ಮರೆತರೆ ನಾನೂ ಆ ಸಭೆಯವರ ಜೊತೆ ಮತ್ತೊಮ್ಮೆ ಚಪ್ಪಾಳೆ ಹೊಡೆದಂತೆ.

ಟಿಪ್ಪಣಿಯನ್ನು ಗೆಳೆಯನಿಗೆ ಕಳಿಸಿದೆ. ಚಕ್ಕೋತ, ಆಲೆಮನೆ, ಹಾಗಲ, ಒಗರು ಎಲ್ಲ ಅದರಲ್ಲಿವೆ. ಯಾವ ಊಟದ ಜೊತೆ ಹೊಂದುತ್ತದೆ ಎಂಬ ಕಾಲಮ್ಮನ್ನು ನಾನು ಖಾಲಿ ಬಿಟ್ಟಿದ್ದೆ. ಅವನೇ 'ಮುದ್ದೆ, ಉಪ್ಸಾರು' ಅಂತ ತುಂಬಿಕೊಂಡಿದ್ದಾನೆ. ಅಜ್ಜಿಗೆ ಇದನ್ನು ಹೇಳಿಲ್ಲ.