ಕವಿಗಳ ಕಾಲವನ್ನು ಅರಸಿದವರು

ಹಳೆಯ ಪುಸ್ತಕಗಳಲ್ಲಿ ಅಭಿರುಚಿಯುಳ್ಳ ಮಿತ್ರರಿಗೆ ಈ ವಾರ ನಾನು ಸೂಚಿಸಬಯಸುವುದು, ‘ಕರ್ಣಾಟಕ ಕವಿಚರಿತೆ’ಯ ಪ್ರಥಮ ಸಂಪುಟದ 1907ರ ಮುದ್ರಣವನ್ನೂ 1924ರ ಪರಿಷ್ಕೃತ ಮುದ್ರಣವನ್ನೂ ಮಗ್ಗುಲಲ್ಲಿಟ್ಟುಕೊಂಡು ಓದುವ ಸುಖವನ್ನು. ಆರ್. ನರಸಿಂಹಾಚಾರ್ಯರೂ ಎಸ್. ಜಿ. ನರಸಿಂಹಾಚಾರ್ಯರೂ ಕೂಡಿ ಆರಂಭಿಸಿದ ಈ ಮಹಾಕಾರ್ಯದ ಮುಂದಿನ ಭಾರವೆಲ್ಲವೂ ಆರ್. ನರಸಿಂಹಾಚಾರ್ಯರೊಬ್ಬರ ಮೇಲೆಯೇ ಬಿದ್ದು, ಎರಡನೆಯ ಸಂಪುಟವು 1919ರಲ್ಲಿಯೂ ಮೂರನೆಯದು 1929ರಲ್ಲಿಯೂ ಹೊರಬಂದುವು.

ಈ ಗ್ರಂಥದಲ್ಲಿ ಕನ್ನಡ ಕವಿಗಳ ಕಾಲವನ್ನು ನಿರ್ಣಯಿಸುವ ಬಗೆ ಹೀಗೆ: ಕಾವ್ಯಾರಂಭದಲ್ಲಿ ಕವಿ ಯಾವ ಪೂರ್ವಕವಿಗಳನ್ನು ಸ್ಮರಿಸುವನೋ ಅವರಿಗಿಂತ ಈಚಿನವನು, ಮಲ್ಲಿಕಾರ್ಜುನನ ‘ಸೂಕ್ತಿಸುಧಾರ್ಣವ’ದಲ್ಲಿಯೋ ಕೇಶಿರಾಜನ ‘ಶಬ್ದಮಣಿದರ್ಪಣ’ದಲ್ಲಿಯೋ ಅವನ ಪದ್ಯವು ಉದಾಹೃತವಾಗಿದ್ದರೆ ಅವರಿಗಿಂತ ಹಿಂದಿನವನು, ಅವನ ಗುರುವಿನ ಅಥವಾ ಆಶ್ರಯದಾತನಾದ ಅರಸನ ಹೆಸರು ಶಕವರ್ಷ ಸಹಿತವಾಗಿ ಯಾವುದಾದರೊಂದು ಶಿಲಾಶಾಸನದಲ್ಲಿ ದೊರೆತರೆ ಆ ಎರಡು ಎಲ್ಲೆಗಳ ನಡುವಣ ಅಂತರವು ಇನ್ನೂ ಕಿರಿದಾಗುವುದು. ಓಲೆಗರಿಯನ್ನೂ ಕಲ್ಲನ್ನೂ ಹೀಗೆ ಪರಸ್ಪರ ಸಾಕ್ಷಿಗೆ ನಿಲ್ಲಿಸುವ ಸಾಮರ್ಥ್ಯವು ಆರ್. ನರಸಿಂಹಾಚಾರ್ಯರಿಗೆ ಲಭಿಸಿದ್ದು, ಶಾಸನತಜ್ಞ ಬಿ. ಎಲ್. ರೈಸರ ಸಹಾಯಕರಾಗಿ ಪಳಗಿ, ತರುವಾಯ 1922ರವರೆಗೆ ಮೈಸೂರಿನ ಪುರಾತತ್ತ್ವ ಇಲಾಖೆಯನ್ನು ನಡೆಸಿದ ಅನುಭವದಿಂದ. ರೈಸರು 1889ರಲ್ಲಿ ಪ್ರಕಟಿಸಿದ ಶ್ರವಣಬೆಳಗೊಳದ ಸಂಪುಟದಲ್ಲಿ 144 ಶಾಸನಗಳಿದ್ದುವು. ನರಸಿಂಹಾಚಾರ್ಯರು 1923ರಲ್ಲಿ ಅದನ್ನು ಪರಿಷ್ಕರಿಸಿದಾಗ ಆ ಸಂಖ್ಯೆ 500 ಆಯಿತು. ಗುರುಸ್ಥಾನೀಯರ ಕೃತಿಯನ್ನಾಗಲಿ ತಮ್ಮದನ್ನೇ ಆಗಲಿ ಮುಗಿದುದೆಂದು ಬಗೆಯದ ಈ ಮನೋಧರ್ಮವೇ ನನಗೆ ಅವರ ಪಾಂಡಿತ್ಯಕ್ಕಿಂತ ಹೆಚ್ಚು ಪೂಜ್ಯವಾದುದು.

ಕವಿಚರಿತೆಯಲ್ಲಿ ಕಾವ್ಯವಿಮರ್ಶೆ ಸ್ವಲ್ಪವೆಂಬ ಆಕ್ಷೇಪ ನ್ಯಾಯವಾದುದೇ. ಪದ್ಯವೇಕೆ ಸುಂದರವೆಂಬುದನ್ನು ಅವರು ವಿವರಿಸಲು ನಿಲ್ಲುವುದು ವಿರಳ. ಆದರೆ ಪ್ರತಿಯೊಬ್ಬ ಕವಿಯ ವೃತ್ತಾಂತದ ಕೊನೆಯಲ್ಲಿ ಆರಿಸಿಕೊಟ್ಟಿರುವ ಪದ್ಯಗಳನ್ನು ಓದಿದವರು ಆ ಆಯ್ಕೆಯ ಹಿಂದಿರುವ ರಸಜ್ಞನನ್ನು ಗುರುತಿಸದಿರಲಾರರು. ಅಚ್ಚನ್ನೇ ಕಾಣದಿದ್ದ ಎಷ್ಟೋ ಕಾವ್ಯಗಳ ಪರಿಚಯ ಅಂದಿನ ಓದುಗರಿಗೆ ಆಗಿದ್ದು ಅಲ್ಲಿಯೇ.

ಸೋಮನಾಥಪುರದ ಕೇಶವ ದೇವಾಲಯವನ್ನು ಕುರಿತು ಅವರು 1917ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಕಿರುಹೊತ್ತಗೆಯನ್ನೂ, ದೊರೆತರೆ, ಬಿಡಬಾರದು. ಕವಿಯ ಹೆಸರನ್ನು ಓಲೆಯಲ್ಲಿ ಹುಡುಕಿದ ಶ್ರದ್ಧೆಯಿಂದಲೇ ಅವರು ಅಲ್ಲಿ ವಿಗ್ರಹಪೀಠಗಳ ಮೇಲಣ ಅಕ್ಷರಗಳನ್ನು ಓದಿ, ಮಲ್ಲಿತಮ್ಮನೇ ಮೊದಲಾದ ಶಿಲ್ಪಿಗಳಲ್ಲಿ ಯಾರು ಯಾವ ಮೂರ್ತಿಯನ್ನು ಕಡೆದರೆಂಬುದನ್ನು ದಾಖಲಿಸಿದ್ದಾರೆ.