ಶರೀರಶಾಸ್ತ್ರದ ಕನ್ನಡ

ಶರೀರಶಾಸ್ತ್ರದ ಪಾಠಗಳನ್ನು ಸಾಹಿತ್ಯದ ಪುಟದಲ್ಲಿ ವಿಮರ್ಶಿಸುವುದು ಉಚಿತವೇ ಎಂದು ಕೆಲವರು ಕೇಳಿಯಾರು. ಕನ್ನಡದಲ್ಲಿ ಬರೆದುದೆಲ್ಲವೂ ಕನ್ನಡ ಅಧ್ಯಾಪಕನ ವಿಚಾರಣೆಗೆ ಒಳಪಟ್ಟದ್ದೇ ಎಂಬುದು ನನ್ನ ಮತ. ದೇಹದ ರಚನೆ, ಅಂಗಾಂಶಗಳು, ಭ್ರೂಣದ ಮೊದಲ ದಿನಗಳು ಇವನ್ನು ವಿವರಿಸುವ ನಮ್ಮ ಪಠ್ಯಗಳಲ್ಲಿ ನನಗೆ ಕಾಣುವ ಕೊರತೆ ಪಾರಿಭಾಷಿಕ ಪದಗಳದಲ್ಲ, ಕ್ರಿಯಾಪದಗಳದು.

'ಅಂಗಾಂಶ' ಎಂಬ ಮಾತನ್ನೇ ನೋಡೋಣ. ಫ್ರಾನ್ಸಿನ ವೈದ್ಯ ಬಿಷಾ 1801ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಸೂಕ್ಷ್ಮದರ್ಶಕದ ನೆರವಿಲ್ಲದೆಯೇ, ದೇಹದ 21 ಬಗೆಯ ಟಿಷ್ಯೂಗಳನ್ನು ವಿಂಗಡಿಸಿದ. ಆ ಫ್ರೆಂಚ್ ಪದಕ್ಕೆ ನೆಯ್ದದ್ದು ಎಂದರ್ಥ. ಹಿಂದಿಯವರು 'ಊತಕ' ಎಂದು ನೇಯ್ಗೆಯ ಅರ್ಥವನ್ನು ಉಳಿಸಿಕೊಂಡರು. ಕನ್ನಡಿಗನ ಕಿವಿಗಾದರೋ ಊತವೆಂದರೆ ಬಾವು. ನಾವು ಒಪ್ಪಿಕೊಂಡ 'ಅಂಗಾಂಶ' ಅಂಗದ ಒಂದು ಭಾಗ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಪದ ರೂಢಿಗೆ ಬಂದಿದೆ, ಇರಲಿ. ಆದರೆ ಇದು ಜೀವಕೋಶಗಳ ನೇಯ್ಗೆ ಎಂಬ ಒಂದು ವಾಕ್ಯವನ್ನು ಪಾಠದ ಆರಂಭದಲ್ಲೇ ಸೇರಿಸಲು ಏನಡ್ಡಿ?

ಈಗ ಅಂಗಾಂಶಗಳನ್ನು ನಾಲ್ಕು ಮುಖ್ಯ ಬಗೆಯಾಗಿ ಎಣಿಸುತ್ತಾರೆ. ಒಂದು ಹೊದಿಸುತ್ತದೆ, ಒಂದು ಹಿಡಿದು ಕಟ್ಟುತ್ತದೆ, ಒಂದು ಕುಗ್ಗಿ ಎಳೆಯುತ್ತದೆ, ಒಂದು ಸುದ್ದಿ ಒಯ್ಯುತ್ತದೆ. ಹರಿಯುವ ರಕ್ತವೂ ಗಟ್ಟಿಯಾದ ಎಲುಬೂ 'ಸಂಯೋಜಕ' ಎಂಬ ಒಂದೇ ಗುಂಪಿಗೆ ಸೇರುವುದೇಕೆ? ಎರಡರಲ್ಲಿಯೂ ಕೋಶಗಳು ಬೇರೊಂದು ವಸ್ತುವಿನ ನಡುವೆ ಚದರಿ ಕುಳಿತಿವೆ. ಎಲುಬಿನಲ್ಲಿ ಆ ವಸ್ತು ಗಡುಸು, ರಕ್ತದಲ್ಲಿ ದ್ರವ. ಇಷ್ಟು ಹೇಳದೆ ಪಟ್ಟಿಯನ್ನು ಮಾತ್ರ ಕೊಟ್ಟರೆ ವಿದ್ಯಾರ್ಥಿ ಉರುಹೊಡೆಯದೆ ಇನ್ನೇನು ಮಾಡಿಯಾನು?

ಭ್ರೂಣದ ಪ್ರಕರಣದಲ್ಲಿ ಈ ಕೊರತೆ ಇನ್ನಷ್ಟು ಎದ್ದು ಕಾಣುತ್ತದೆ. ಯುಗ್ಮಜದ ವಿದಳನದಿಂದ ಮೊರುಲಾ ಉಂಟಾಗುತ್ತದೆ ಎಂಬ ಧಾಟಿಯ ವಾಕ್ಯಗಳೇ ಹೆಚ್ಚು. ಮೊರುಲಾ ಎಂದರೆ ಲ್ಯಾಟಿನ್ ಮೂಲದಲ್ಲಿ ಪುಟ್ಟ ಹಿಪ್ಪುನೇರಳೆ ಹಣ್ಣು. ಕೋಶ ಒಡೆದು ಎರಡಾಗಿ, ನಾಲ್ಕಾಗಿ, ಕೊನೆಗೆ ಹಿಪ್ಪುನೇರಳೆಯಂತೆ ಗುಂಪುಗೂಡುತ್ತದೆ ಎಂದರೆ, ರೇಷ್ಮೆ ಬೆಳೆಯುವ ಕೋಲಾರದ ಕಡೆಯ ಹುಡುಗನಿಗೆ ಚಿತ್ರವೂ ಬೇಕಾಗುವುದಿಲ್ಲ.

ಮೂರನೆಯ ವಾರದಲ್ಲಿ ಭ್ರೂಣ ಮೂರು ಪದರಗಳ ಒಂದು ತಟ್ಟೆ. ಹೊರಪದರದ ನಡುವೆ ಗೆರೆಯೊಂದು ತಗ್ಗಾಗುತ್ತದೆ. ಅದರ ಅಂಚುಗಳು ಏಳುತ್ತವೆ, ಬಾಗುತ್ತವೆ, ಒಂದನ್ನೊಂದು ಮುಟ್ಟಿ ಬೆಸೆದುಕೊಂಡು ಕೊಳವೆಯಾಗುತ್ತವೆ. ಅದೇ ಮುಂದೆ ಮಿದುಳು ಮತ್ತು ಬೆನ್ನುಹುರಿ. ಅದೇ ಹೊರಪದರದಿಂದ ಚರ್ಮದ ಮೇಲ್ಪೊರೆಯೂ ಮೂಡುವುದರಿಂದ, ಚರ್ಮವೂ ಮಿದುಳೂ ಒಡಹುಟ್ಟಿದವು ಎನ್ನಬೇಕು.

ಇದು ಬರಿಯ ಶೈಲಿಯ ಪ್ರಶ್ನೆಯಲ್ಲ. ಆ ಕೊಳವೆ ಗರ್ಭಾಂಕುರವಾದ ಸುಮಾರು 28 ದಿನಗಳೊಳಗೆ ಮುಚ್ಚಿಕೊಳ್ಳಬೇಕು. ಇಲ್ಲವಾದರೆ ಮಗುವಿನ ಮಿದುಳಿಗೋ ಬೆನ್ನುಹುರಿಗೋ ಊನ. ಎಷ್ಟೋ ತಾಯಂದಿರಿಗೆ ಆ ವೇಳೆಗೆ ತಾವು ಬಸುರಿಯೆಂಬುದೇ ತಿಳಿದಿರುವುದಿಲ್ಲ. ಹಿಂದೆ ಇಂಥ ಊನವನ್ನು ಕಂಡ ತಾಯಂದಿರಿಗೆ ಬಸಿರಿಗೆ ಮೊದಲಿನಿಂದಲೇ ಫೋಲಿಕ್ ಆಮ್ಲ ಕೊಟ್ಟಾಗ ಅದು ಮರುಕಳಿಸುವ ಸಂಭವ ಶೇಕಡಾ 72ರಷ್ಟು ತಗ್ಗಿತೆಂದು ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ಲಿನ ಅಧ್ಯಯನವು 1991ರಲ್ಲಿ ತೋರಿಸಿತು. 'ನರನಾಳದ ದೋಷ' ಎಂಬ ಹೆಸರನ್ನಷ್ಟೇ ಕಲಿತವಳಿಗೆ ಮಾತ್ರೆ ಅಷ್ಟು ಮೊದಲೇ ಏಕೆಂಬುದು ಹೊಳೆಯದು. ಕೊಳವೆ ಮುಚ್ಚಿಕೊಳ್ಳುವ ಬಗೆಯನ್ನು ಕೇಳಿದವಳಿಗೆ ಹೊಳೆಯುತ್ತದೆ.

ಮುಂದೆ ಇಂಗ್ಲಿಷಿನಲ್ಲಿ ವೈದ್ಯ ಓದುವವರಿಗೆ ಪರಿಭಾಷೆ ಬೇಡವೇ ಎಂಬ ಆಕ್ಷೇಪಣೆ ಬರಬಹುದು. ಬೇಕು, ಹೆಸರು ಸಂಸ್ಕೃತದ್ದಾಗಲಿ ಗ್ರೀಕಿನದಾಗಲಿ ನನ್ನ ತಕರಾರಿಲ್ಲ. ಆದರೆ ಪಾಠ ಓದುವವರಲ್ಲಿ ಬಹುಮಂದಿ ವೈದ್ಯರಾಗುವುದಿಲ್ಲ, ತಾಯಿತಂದೆಗಳಾಗುತ್ತಾರೆ. ವೈದ್ಯೆ ಅನುಪಮಾ ನಿರಂಜನರು (1934–1991) 'ತಾಯಿ-ಮಗು' ಬರೆದದ್ದು ಇಂಥ ಓದುಗರಿಗಾಗಿಯೇ. ಒಡೆ, ಮಡಿಸು, ಹೊಸೆ, ಬೆಸೆ, ಹೆಣೆ ಎಂಬ ಮಾತುಗಳು ನಮ್ಮ ಅಡಿಗೆಮನೆಯಲ್ಲಿಯೂ ಮಗ್ಗದ ಬಳಿಯಲ್ಲಿಯೂ ಇವೆ. ಪಠ್ಯ ರಚಿಸುವವರು ಅವನ್ನು ಸಂಕೋಚವಿಲ್ಲದೆ ಬಳಸಿಕೊಳ್ಳಲಿ.